ವಾಲ್ಟ್‌ನಿಂದ ಇಳಿಯುವ ಮಂಡಿ, ತೋಟದಿಂದ ಇಳಿಯುವ ಮಂಡಿ

ಕಾಫಿ ಕೊಯ್ಲು ಮುಗಿದು ಕಣಗಳು ಖಾಲಿಯಾಗಿದ್ದ ದಿನಗಳು. ಮಡಿಕೇರಿಯ ನನ್ನ ಕ್ಲಿನಿಕ್‌ಗೆ ಒಬ್ಬ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಬಂದರು. ಅಜ್ಜ ಹಳೇ ಹಾಕಿ ಆಟಗಾರ, ಮೊಮ್ಮಗಳಿಗೆ ಹತ್ತು ವರ್ಷ. ಮೊಬೈಲ್‌ನಲ್ಲಿ ಏಷ್ಯನ್ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಶಿಪ್‌ನ ವಾಲ್ಟ್ (ಓಡಿ ಬಂದು ಟೇಬಲ್ಲಿಗೆ ಕೈ ಕೊಟ್ಟು ಹಾರಿ ಇಳಿಯುವ ಆಟ) ನೋಡಿ ನೋಡಿ, ಕಣದ ಕಟ್ಟೆಯಿಂದ ಸಿಮೆಂಟಿನ ಮೇಲೆ ದಿನಾ ಹಾರುತ್ತಿದ್ದಳಂತೆ. ಎಡ ಮಂಡಿ ಊದಿತ್ತು.

"ಡಾಕ್ಟ್ರೇ, ಇವಳಿಗೆ ಹಾರೋದು ಬಿಡಿಸಿ" ಎಂದರು ಅಜ್ಜ. (ಫಿಸಿಯೋಥೆರಪಿಸ್ಟ್‌ಗೂ ನಮ್ಮೂರಲ್ಲಿ ಡಾಕ್ಟ್ರೇ ಅಂತಲೇ ಕರೆಯೋದು.)

"ಹಾರಲಿ ಬಿಡಿ. ಮೊದಲು ಇಳಿಯೋದು ಕಲಿಯಲಿ" ಎಂದೆ.

ಟಿವಿಯಲ್ಲಿ ವಾಲ್ಟ್ ನೋಡುವಾಗ ನಮ್ಮ ಕಣ್ಣೆಲ್ಲ ಗಾಳಿಯಲ್ಲಿ ಹೊಡೆಯುವ ಪಲ್ಟಿಯ ಮೇಲೇ ಇರುತ್ತದೆ. ನನ್ನ ಕಣ್ಣು ಮ್ಯಾಟ್ ಮೇಲಿರುತ್ತದೆ. ಕಸುಬಿನ ಚಾಳಿ. ಜಿಮ್ನಾಸ್ಟ್ ಹೆಚ್ಚೆಂದರೆ 25 ಮೀಟರ್ ಓಡುತ್ತಾಳೆ, ಸ್ಪ್ರಿಂಗ್‌ಬೋರ್ಡ್ ಒದೆಯುತ್ತಾಳೆ, 125 ಸೆಂಟಿಮೀಟರ್ ಎತ್ತರದ ಟೇಬಲ್ಲಿಗೆ ಕೈ ಕೊಟ್ಟು ಮೇಲೇಳುತ್ತಾಳೆ. ಆಮೇಲೆ ನೆಲ. ಇಳಿದ ಮೇಲೆ ಪುಟ್ಟ ಹೆಜ್ಜೆ ಇಟ್ಟರೆ 0.1 ಅಂಕ ಹೋಯಿತು. ದೊಡ್ಡ ಹೆಜ್ಜೆಗೆ 0.3. ಪೂರ್ತಿ ಕುಕ್ಕರಗಾಲಲ್ಲಿ ಕೂತರೆ 0.5. ಬಿದ್ದರೆ ಒಂದು ಇಡೀ ಅಂಕ.

0.1 ಅಂದರೆ ಏನು ಮಹಾ ಅನ್ನಿಸಬಹುದು. 2024ರಲ್ಲಿ ತಾಷ್ಕೆಂಟ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್ ನೆನಪಿಸಿಕೊಳ್ಳಿ. ತ್ರಿಪುರಾದ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ ಚಿನ್ನ ಗೆದ್ದರು. ಸೀನಿಯರ್ ವಿಭಾಗದ ಏಷ್ಯನ್ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಅವರ ಅಂಕ 13.566, ಎರಡನೆಯವರದು 13.466. ವಾಲ್ಟ್ ಫೈನಲ್‌ನಲ್ಲಿ ಎರಡು ಬೇರೆ ಬೇರೆ ವಾಲ್ಟ್ ಮಾಡಿ ಸರಾಸರಿ ತೆಗೆಯುತ್ತಾರೆ. ಹಾಗಾಗಿ ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ ಎರಡು ಪುಟ್ಟ ಹೆಜ್ಜೆ, ಅಷ್ಟೇ. ಇದೇ ಲೆಕ್ಕ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅವರಿಗೆ ಉಲ್ಟಾ ಹೊಡೆದಿತ್ತು. ಪ್ರೊಡುನೋವಾ ಎಂಬ ಆ ಭಯಂಕರ ವಾಲ್ಟ್‌ನಿಂದ ಇಳಿದಾಗ ದೇಹ ನೆಲಕ್ಕೆ ತಾಗುವಷ್ಟು ಕೆಳಗೆ ಹೋಯಿತು. ಕಂಚು ತಪ್ಪಿದ್ದು 0.150ರಲ್ಲಿ.

ಇಲ್ಲೇ ಇರುವುದು ತಕರಾರು. ನಿಯಮಕ್ಕೆ ಜಿಮ್ನಾಸ್ಟ್ ಕಂಬ ನೆಟ್ಟ ಹಾಗೆ ನಿಲ್ಲಬೇಕು. ಮಂಡಿಗೆ ಮಾತ್ರ ಚೆನ್ನಾಗಿ ಬಗ್ಗಬೇಕು, ಬೇಕಾದರೆ ಒಂದು ಹೆಜ್ಜೆ ಜಾರಬೇಕು. ಅಂಥ ಲ್ಯಾಂಡಿಂಗ್‌ನಲ್ಲಿ ಕಾಲಿಗೆ ಬೀಳುವ ಪೆಟ್ಟು ದೇಹದ ತೂಕದ ಹತ್ತು ಪಟ್ಟು ದಾಟುವುದೂ ಉಂಟು. ಅದನ್ನು ತಡೆದುಕೊಳ್ಳುವುದು ಮುಖ್ಯವಾಗಿ ತೊಡೆ ಮತ್ತು ಪೃಷ್ಠದ ಸ್ನಾಯುಗಳು. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಹಿಡಿದು ಹಿಡಿದು ಬಿಡುತ್ತೇವೆ ಅಲ್ವಾ, ಹಾಗೆ ಆ ಸ್ನಾಯುಗಳು ಉದ್ದವಾಗುತ್ತಲೇ ದೇಹವನ್ನು ಹಿಡಿದು ಇಳಿಸುತ್ತವೆ. ಹಿಡಿತ ತಪ್ಪಿ ಮಂಡಿ ಒಳಕ್ಕೆ ತಿರುಚಿತೋ, ಒಳಗಿನ ಎಸಿಎಲ್ ಎಂಬ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿಯಬಹುದು. ದೀಪಾ ಅವರಿಗೂ 2017ರಲ್ಲಿ ಅದೇ ಶಸ್ತ್ರಚಿಕಿತ್ಸೆ ಆಗಿತ್ತು.

ಕೊಡಗಿನವರಿಗೆ ಇದು ಬೇರೆ ರೂಪದಲ್ಲಿ ಗೊತ್ತು. ತೋಟದ ಕೆಲಸಕ್ಕೆ ಹೋಗುವವರು ನನ್ನ ಹತ್ತಿರ ಬಂದಾಗ ಹೇಳುವ ಮಾತು ಒಂದೇ: "ಹತ್ತುವಾಗ ಏನಿಲ್ಲ, ಇಳಿಯುವಾಗಲೇ ನೋವು." ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮಂಡಿ ಬ್ರೇಕ್ ಹಾಕುತ್ತದೆ. ಬೆನ್ನ ಮೇಲೆ ಕಾಫಿ ಮೂಟೆ ಇದ್ದರಂತೂ ಕೇಳಬೇಡಿ.

ಈ ಬ್ರೇಕ್ ವಿಷಯದಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಕೆಲಸ ಶುರು ಮಾಡಿದ ಹೊಸತು. ಎಸಿಎಲ್ ಆಪರೇಷನ್ ಆಗಿದ್ದ ಒಬ್ಬ ಹಾಕಿ ಹುಡುಗ ನೇರ ಗೆರೆಯಲ್ಲಿ ಚೆನ್ನಾಗಿ ಓಡಿದ. ನೋವಿಲ್ಲ ಎಂದ. ಕುಟುಂಬಗಳ ಹಾಕಿ ಟೂರ್ನಿ ಹತ್ತಿರವಿತ್ತು, ಮನೆಯವರಿಗೆ ಅವಸರ. ನಾನು ಸರಿ ಎಂದುಬಿಟ್ಟೆ. ಅವನಿಂದ ಒಂದೇ ಒಂದು ಸಲ ಹಾರಿಸಿ, ಇಳಿಯುವುದನ್ನು ನೋಡಿರಲಿಲ್ಲ. ಮೊದಲ ಪಂದ್ಯದಲ್ಲೇ ಓಡುತ್ತಾ ಗಕ್ಕನೆ ನಿಂತು ತಿರುಗಿದ, ಮಂಡಿ ಮತ್ತೆ ಹೋಯಿತು. ಅಂದಿನಿಂದ ನನ್ನ ಕ್ಲಿನಿಕ್‌ನ ಮೂಲೆಯಲ್ಲಿ ಒಂದಡಿ ಎತ್ತರದ ಮರದ ಪೆಟ್ಟಿಗೆ ಇದೆ. ಅದರಿಂದ ಇಳಿದು ತೋರಿಸದೆ ಯಾರೂ ಮೈದಾನಕ್ಕೆ ಹೋಗುವ ಹಾಗಿಲ್ಲ.

ಊತ ಇಳಿದು ಮೂರು ವಾರ ಆದ ಮೇಲೆ ಆ ಹುಡುಗಿಯನ್ನು ಪೆಟ್ಟಿಗೆ ಮೇಲೆ ನಿಲ್ಲಿಸಿದೆ. ಕೆಳಗೆ ದಪ್ಪ ಮ್ಯಾಟ್. ಮೊದಲ ಸಲ ಧಡ್ ಅಂತ ಹಿಮ್ಮಡಿ ಊರಿದಳು, ಎರಡು ಮಂಡಿಯೂ ಒಂದಕ್ಕೊಂದು ತಾಗಿದವು. ಮಕ್ಕಳಿಗೆ ಸ್ನಾಯುವಿನ ಹೆಸರು ಹೇಳಿದರೆ ತಲೆಗೆ ಹೋಗುವುದಿಲ್ಲ. "ಬೆಕ್ಕಿನ ಹಾಗೆ ಇಳಿ ಮರಿ, ಹೊರಗೆ ಕೂತ ಅಜ್ಜನಿಗೆ ಸದ್ದು ಕೇಳಿಸಬಾರದು" ಎಂದೆ. ಮುಂಗಾಲು ಮೊದಲು, ಆಮೇಲೆ ಹಿಮ್ಮಡಿ, ಮಂಡಿ ಕಾಲ್ಬೆರಳ ನೇರಕ್ಕೆ, ಸೊಂಟ ಸ್ವಲ್ಪ ಹಿಂದೆ. ಐದಾರು ಸಲ ಆದ ಮೇಲೆ ಸದ್ದು ಸಣ್ಣದಾಯಿತು. ಕೊನೆಗೊಮ್ಮೆ ಸುಮ್ನೆ ಬಂದು ನಿಂತಳು. ನಿಂತವಳು ಒಂದು ಹೆಜ್ಜೆ ಮುಂದಿಟ್ಟು ಮುಖ ಸಪ್ಪಗೆ ಮಾಡಿಕೊಂಡಳು.

"ಸರ್, 0.1 ಹೋಯ್ತಲ್ವಾ?"

"ಹೋಗಲಿ ಬಿಡು. ಇನ್ನೊಂದು ಸಲ ಹತ್ತು."

ಹೊರಗಿನಿಂದ ಅಜ್ಜ ಕೂಗಿದರು: "ಏನು, ಇನ್ನೂ ಶುರು ಮಾಡಿಲ್ವಾ?"