ಸಭಾಪಾಲಕನಿಗೆ ಗ್ರೀಕ್ ಏಕೆ? ದೇವಶಾಸ್ತ್ರ ಶಿಕ್ಷಣ ನಡೆದುಬಂದ ದಾರಿ

ಕನ್ನಡದಲ್ಲಿ ಪ್ರಸಂಗ ಮಾಡಿ, ಕನ್ನಡದಲ್ಲೋ ತುಳುವಿನಲ್ಲೋ ಜನರ ಕಷ್ಟಸುಖ ವಿಚಾರಿಸಬೇಕಾದ ಸಭಾಪಾಲಕನಿಗೆ, ಅಂದರೆ ಕ್ರೈಸ್ತ ಸಭೆಯ ಪಾದ್ರಿಗೆ, ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ಭಾಷೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಹಳೆಯದು. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ 27 ಪುಸ್ತಕಗಳೂ ಗ್ರೀಕಿನಲ್ಲಿವೆ, ಆದ್ದರಿಂದ ಮೂಲವನ್ನು ಓದಬಲ್ಲವನೇ ಅದನ್ನು ವಿವರಿಸಲಿ ಎಂಬುದು ಅದಕ್ಕೆ ಸಿಗುವ ಮೊದಲ ಉತ್ತರ. ಉತ್ತರ ಸರಿಯೇ, ಆದರೆ ಸಾಲದು. ಭಾರತದಲ್ಲಿ ದೇವಶಾಸ್ತ್ರದ ಅಧ್ಯಯನವು ಸಾಹಿತ್ಯ, ಇತಿಹಾಸ, ದರ್ಶನಗಳ ಜೊತೆ ಸೇರಿ ನಡೆದ ಕಾಲಗಳೂ ಅವುಗಳಿಂದ ಬೇರ್ಪಟ್ಟ ಕಾಲಗಳೂ ಇವೆ. ಗ್ರೀಕ್ ಪಾಠಕ್ಕೆ ಎಷ್ಟು ಅರ್ಥ ಬಂದಿತು ಎಂಬುದು ಆ ಸಹವಾಸವನ್ನೇ ಅವಲಂಬಿಸಿದೆ.

ಮಿಶನರಿಗಳಾದ ವಿಲಿಯಂ ಕೇರಿ, ಮಾರ್ಷ್‌ಮನ್ ಮತ್ತು ವಾರ್ಡ್ 1818ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಕಾಲೇಜು ತೆರೆದಾಗ ಅದನ್ನು ಪಾದ್ರಿಗಳ ಶಾಲೆಯನ್ನಾಗಿ ಮಾತ್ರ ನೋಡಲಿಲ್ಲ. ಪೂರ್ವದೇಶಗಳ ಸಾಹಿತ್ಯವನ್ನೂ ಯೂರೋಪಿನ ವಿಜ್ಞಾನವನ್ನೂ ಕ್ರೈಸ್ತರಿಗೂ ಇತರರಿಗೂ ಕಲಿಸುವುದು ಅವರು ಪ್ರಕಟಿಸಿದ ಉದ್ದೇಶವಾಗಿತ್ತು. ಆ ಊರು ಆಗ ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದುದರಿಂದ 1827ರಲ್ಲಿ ಡೆನ್ಮಾರ್ಕಿನ ಅರಸನೇ ಸನ್ನದು ಕೊಟ್ಟು ಪದವಿ ನೀಡುವ ಅಧಿಕಾರವನ್ನು ದಯಪಾಲಿಸಿದ. ಆ ಅಧಿಕಾರ ಬಹುಕಾಲ ಬಳಕೆಗೆ ಬಾರದೆ ಉಳಿಯಿತು. ಅಷ್ಟರಲ್ಲಿ 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದವು. ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕೆಂದು ಬಯಸಿದ ಸರ್ಕಾರ ಅವುಗಳಲ್ಲಿ ದೇವಶಾಸ್ತ್ರಕ್ಕೆ ಜಾಗ ಇಡಲಿಲ್ಲ. ಹೀಗೆ ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರಗಳು ವಿಶ್ವವಿದ್ಯಾಲಯದ ಒಳಗೆ ಸೇರಿದವು, ದೇವಶಾಸ್ತ್ರ ಪಾದ್ರಿಗಳನ್ನು ತಯಾರುಮಾಡುವ ಸೆಮಿನರಿಗಳಲ್ಲಿ ಹೊರಗುಳಿಯಿತು. ಶ್ರೀರಾಂಪುರದ ಹಳೆಯ ಸನ್ನದನ್ನು ಬಳಸಿ ಮೊದಲ ಬಿ.ಡಿ. (ದೇವಶಾಸ್ತ್ರದ ಸ್ನಾತಕ) ಪದವಿಗಳನ್ನು ಕೊಟ್ಟದ್ದು 1915ರಲ್ಲಿ. 1918ರ ಕಾಯ್ದೆಯ ನಂತರ ದೇಶದ ಬೇರೆ ಬೇರೆ ಸೆಮಿನರಿಗಳು ಪದವಿ ನೀಡುವ ಮಂಡಳಿಯಾದ ಶ್ರೀರಾಂಪುರದ ಸೆನೆಟ್‌ಗೆ ಸೇರಿಕೊಂಡವು. ದೇವಶಾಸ್ತ್ರಕ್ಕೆ ಮನ್ನಣೆ ದೊರೆಯಿತು. ಪಕ್ಕದ ಬೆಂಚಿನಲ್ಲಿ ಕೂರಬೇಕಾಗಿದ್ದ ಇತಿಹಾಸದ ವಿದ್ಯಾರ್ಥಿ ಮಾತ್ರ ದೊರೆಯಲಿಲ್ಲ.

ಕನ್ನಡದ ಮಟ್ಟಿಗೆ ಈ ಕಥೆ ಮಂಗಳೂರಿನದು. 1834ರಲ್ಲಿ ಅಲ್ಲಿಗೆ ಬಂದ, ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ 1847ರಲ್ಲಿ ಬಲ್ಮಠದಲ್ಲಿ ದೇವಶಾಸ್ತ್ರದ ಸೆಮಿನರಿ ಆರಂಭಿಸಿತು. ಅದರ ಹಿಂದಿದ್ದ ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್ನಿನಲ್ಲಿ ಓದಿದವರು. ಹಳೆಯ ಗ್ರಂಥಗಳ ಪಾಠವನ್ನು ಪರಿಶೀಲಿಸಿ ಓದುವ ಶಿಸ್ತಿಗೆ ಹೆಸರಾದ ವಿಶ್ವವಿದ್ಯಾಲಯ ಅದು. ಮಂಗಳೂರ ಸಮಾಚಾರ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದ ಅವರೇ 1848ರಿಂದ 1853ರವರೆಗೆ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದರು. ನಂತರ ಬಂದ ಫರ್ಡಿನಾಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ಹಳಗನ್ನಡ ವ್ಯಾಕರಣವಾದ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಪ್ರಕಟಿಸಿದರು. ಬೈಬಲಿನ ಹಸ್ತಪ್ರತಿಗಳಿಗಾಗಿ ಬೆಳೆದ ಓದಿನ ಶಿಸ್ತೇ ಕೇಶಿರಾಜನ ಸೂತ್ರಗಳಿಗೂ ಅನ್ವಯವಾಯಿತು ಎಂಬುದು ನನ್ನ ನಂಬಿಕೆ. ದೇವಶಾಸ್ತ್ರವೂ ಸಾಹಿತ್ಯ, ಇತಿಹಾಸದಂತಹ ಮಾನವಿಕ ಶಾಸ್ತ್ರಗಳೂ ಕೂಡಿ ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಕಥೋಲಿಕರ ದಾರಿ ಬೇರೆ. ಮಂಗಳೂರಿನಲ್ಲಿ 1879ರಲ್ಲಿ ಆರಂಭವಾದ, ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯಂತಹ ಕಡೆಗಳಲ್ಲಿ ಮೊದಲು ತತ್ತ್ವಶಾಸ್ತ್ರ, ಆಮೇಲೆ ದೇವಶಾಸ್ತ್ರ ಎಂಬ ಕ್ರಮವಿತ್ತು, ಲ್ಯಾಟಿನ್ ಮುಖ್ಯ ಭಾಷೆಯಾಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಮೂಲಭಾಷೆಗಳಿಂದಲೇ ಬೈಬಲನ್ನು ಅನುವಾದಿಸುವುದಕ್ಕೆ ಒತ್ತುಕೊಟ್ಟ ಮೇಲೆ ಗ್ರೀಕ್, ಹೀಬ್ರೂ ಅಧ್ಯಯನಕ್ಕೆ ಅಲ್ಲಿ ಹೊಸ ಮಹತ್ವ ಬಂತು.

ಇಷ್ಟಕ್ಕೂ ತರಗತಿಯಲ್ಲಿ ಏನು ನಡೆಯುತ್ತದೆ? ವಿದ್ಯಾರ್ಥಿ ಮೊದಲು 24 ಅಕ್ಷರಗಳನ್ನು ಬರೆದು ಕಲಿಯುತ್ತಾನೆ. 'ಬಿಚ್ಚು' ಎಂಬ ಅರ್ಥದ 'ಲೂಓ' ಧಾತುವಿನ ರೂಪಗಳನ್ನು ಬಾಯಿಪಾಠ ಮಾಡುತ್ತಾನೆ. ವಾಕ್ಯರಚನೆ ಸರಳವಾಗಿರುವುದರಿಂದ ಯೋಹಾನನ ಬರಹಗಳಿಂದ ಓದು ಶುರುವಾಗುವುದುಂಟು. ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ತಲುಪುವ ಹೊತ್ತಿಗೆ ಬೆವರಿಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆದ ವ್ಯಾಕರಣಗಳು ನಾಮಪದದ ವಿಭಕ್ತಿ ಎಂದರೇನು ಎಂಬುದನ್ನು ವಿವರಿಸಲು ಪುಟಗಳನ್ನು ವ್ಯಯಿಸುತ್ತವೆ. ಪ್ರಥಮಾ, ದ್ವಿತೀಯಾ, ಷಷ್ಠೀ ಎಂದು ಶಾಲೆಯಲ್ಲಿ ಓದಿದ ಕನ್ನಡದ ಹುಡುಗನಿಗೆ ಅದು ಹೊಸದಲ್ಲ. ಸ್ವಲ್ಪ ಸಂಸ್ಕೃತ ಬಲ್ಲವನಿಗೆ ಕ್ರಿಯೆಯ ಫಲ ಕರ್ತೃವಿಗೇ ಸಲ್ಲುವಂತಹ ಗ್ರೀಕಿನ ಮಧ್ಯಮ ಪ್ರಯೋಗವನ್ನು ಸಂಸ್ಕೃತದ ಆತ್ಮನೇಪದ ಕ್ರಿಯಾರೂಪಗಳ ಮೂಲಕ ತಿಳಿಸಬಹುದು. ಈ ಅನುಕೂಲವನ್ನು ನಮ್ಮ ಸೆಮಿನರಿಗಳು ಇನ್ನಷ್ಟು ಬಳಸಿಕೊಳ್ಳಬೇಕಿತ್ತು ಎಂದು ನನಗೆ ಅನಿಸುತ್ತದೆ.

ಬೆಂಗಳೂರಿನಲ್ಲಿ 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಹಲವು ಸಭೆಗಳ, ಹಲವು ಭಾಷೆಗಳ ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದರಿಂದ ಅಲ್ಲಿ ಇಂಗ್ಲಿಷ್ ಬೋಧನೆ ಅನಿವಾರ್ಯವಾಯಿತು. ಗಂಭೀರ ಸಂಶೋಧನೆ ಅದರಿಂದ ಸಾಧ್ಯವಾಯಿತು. ಮಾನವಿಕ ಶಾಸ್ತ್ರಗಳು ದೇವಶಾಸ್ತ್ರವನ್ನು ಮತ್ತೆ ಮುಟ್ಟಿದ್ದೂ ಅಲ್ಲಿಯೇ: 1981ರಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಆ ಕಾಲೇಜಿನಲ್ಲಿ ಮಾಡಿದ ಉಪನ್ಯಾಸದಿಂದ, ದಲಿತರ ಅನುಭವದಿಂದ ಹೊರಡುವ ದಲಿತ ದೇವಶಾಸ್ತ್ರದ ಚರ್ಚೆ ಆರಂಭವಾಯಿತು ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಸಭೆಯಲ್ಲಿ ಕುಳಿತಿರುವವರು ಯಾರು, ಅವರ ಚರಿತ್ರೆ ಏನು ಎಂದು ಕೇಳದೆ ಮೂಲಗ್ರಂಥವನ್ನು ಓದುವುದು ಆ ಬಳಿಕ ಕಷ್ಟವಾಯಿತು. ಗ್ರೀಕ್ ಬಲ್ಲವನು ಜಾತಿಯನ್ನೂ ಅರಿಯಬೇಕಾಯಿತು.

ಕನ್ನಡದ ಹೊಣೆ ಹೊತ್ತದ್ದು 1965ರಲ್ಲಿ ಬಲ್ಮಠದ ಸೆಮಿನರಿಯೂ ತುಮಕೂರಿನ ಸೆಮಿನರಿಯೂ ಒಂದಾಗಿ ರೂಪುಗೊಂಡ ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಇತ್ತ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವೊಂದು ಹುಟ್ಟಿಕೊಂಡದ್ದರಿಂದ 1857ರಲ್ಲಿ ಮುಚ್ಚಿದ ಬಾಗಿಲು ಸ್ವಲ್ಪ ತೆರೆದಂತಾಯಿತು. ಈಗ ಆಗಬೇಕಾದದ್ದು ಸಣ್ಣದಾದರೂ ಗಟ್ಟಿಯಾದ ಕೆಲಸ: ಕೇಶಿರಾಜನ ಪರಿಭಾಷೆಯಲ್ಲಿ, ಕನ್ನಡ ವಾಕ್ಯಗಳ ಉದಾಹರಣೆಯೊಂದಿಗೆ ಬರೆದ, ಮೊದಲ ವರ್ಷದ ಸೆಮಿನರಿ ವಿದ್ಯಾರ್ಥಿ ನೇರವಾಗಿ ಬಳಸಬಹುದಾದ ಬೈಬಲ್ ಗ್ರೀಕಿನ ವ್ಯಾಕರಣ. ಅದನ್ನು ಬರೆಯುವುದಕ್ಕೆ ದೇವಶಾಸ್ತ್ರದ ಅಧ್ಯಾಪಕನೂ ಕನ್ನಡ ವಿಭಾಗದ ವ್ಯಾಕರಣಜ್ಞನೂ ಒಂದೇ ಮೇಜಿನ ಮುಂದೆ ಕೂರಬೇಕು.