ದುಡ್ಡು ಶಾಲೆ ತಲುಪಿತಾ? ಉಗಾಂಡಾ ಅಳೆದು ನೋಡಿದ ಲೆಕ್ಕ

ಸರ್ಕಾರ ಕೊಡುವ ಒಂದು ರೂಪಾಯಿಯಲ್ಲಿ ಜನರಿಗೆ ಸಿಗುವುದು 15 ಪೈಸೆ ಅಂತ 1985ರಲ್ಲಿ ರಾಜೀವ್ ಗಾಂಧಿ ಹೇಳಿದ್ದು ನೆನಪಿದೆ ಅಲ್ವಾ? ಅದು ಅಂದಾಜಿನ ಮಾತು. ನಿಜಕ್ಕೂ ಅಳೆಯುವುದು ಹೇಗೆ ಅನ್ನುವುದಕ್ಕೆ ಉಗಾಂಡಾ ಒಳ್ಳೆಯ ಪಾಠ.

1990ರ ದಶಕದ ಮೊದಲಲ್ಲಿ ಅಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಬಜೆಟ್ ಏರುತ್ತಿತ್ತು. ಸರ್ಕಾರಿ ಅಂಕಿಅಂಶದಲ್ಲಿ ಮಕ್ಕಳ ದಾಖಲಾತಿ ಮಾತ್ರ ಇದ್ದಲ್ಲೇ ಇತ್ತು. ಹಾಗಾದರೆ ದುಡ್ಡು ಎಲ್ಲಿ ಹೋಯಿತು? 1996ರಲ್ಲಿ 18 ಜಿಲ್ಲೆಗಳ 250 ಶಾಲೆಗಳಿಗೆ ಹೋಗಿ ಸಮೀಕ್ಷೆ ಮಾಡಿದರು. ವಿಶ್ವಬ್ಯಾಂಕಿನ ರಿತ್ವಾ ರೈನಿಕ್ಕಾ ಇದರ ಮುಂದಾಳು.

ಉಪಾಯ ಸರಳ. ಕಳಿಸಿದವರ ಲೆಕ್ಕದ ಪುಸ್ತಕ ಒಂದು ಕೈಯಲ್ಲಿ, ಪಡೆದವರ ಪುಸ್ತಕ ಇನ್ನೊಂದು ಕೈಯಲ್ಲಿ. ಖಜಾನೆ ಎಷ್ಟು ಬಿಟ್ಟಿತು, ಶಾಲೆಯ ಲೆಕ್ಕದಲ್ಲಿ ಎಷ್ಟು ಬಂತು, ತಾಳೆ ನೋಡುವುದು. ನಡುವಿನ ವ್ಯತ್ಯಾಸವೇ ಸೋರಿಕೆ.

ಮಕ್ಕಳ ತಲೆಲೆಕ್ಕದ ಮೇಲೆ ಶಾಲೆಗೆ ಬರಬೇಕಿದ್ದ ಅನುದಾನದಲ್ಲಿ 1991ರಿಂದ 1995ರವರೆಗೆ ಸರಾಸರಿ ಶೇ. 13 ಮಾತ್ರ ತಲುಪಿತ್ತು. ಬಹುಪಾಲು ಶಾಲೆಗಳಿಗೆ ಏನೂ ಬಂದಿರಲಿಲ್ಲ. ಉಳಿದದ್ದು ಜಿಲ್ಲಾ ಮಟ್ಟದಲ್ಲೇ ಕರಗಿತ್ತು.

ನನಗೆ ಜಾಸ್ತಿ ಹಿಡಿಸಿದ ಅಂಶ ಬೇರೆ. ಮೇಷ್ಟ್ರ ಸಂಬಳದಲ್ಲಿ ಸೋರಿಕೆ ಇಷ್ಟೊಂದು ಇರಲಿಲ್ಲ. ಯಾಕೆ? ಸಂಬಳ ಬರದಿದ್ದರೆ ಮೇಷ್ಟ್ರಿಗೆ ಅವತ್ತೇ ಗೊತ್ತಾಗುತ್ತದೆ, ಗಲಾಟೆ ಮಾಡುತ್ತಾರೆ. ಅನುದಾನ ಎಷ್ಟು ಬರಬೇಕು ಅನ್ನುವುದು ಪೋಷಕರಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ದುಡ್ಡನ್ನು ಯಾರು ಕೇಳುತ್ತಾರೆ?

ಮುಂದೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಕಳಿಸಿದೆ ಅಂತ ತಿಂಗಳು ತಿಂಗಳು ಪತ್ರಿಕೆಗಳಲ್ಲಿ ಹಾಕಿಸಿತು. ಶಾಲೆಗಳೂ ನೋಟಿಸ್ ಬೋರ್ಡಿನಲ್ಲಿ ಬರೆಯಬೇಕಾಯಿತು. 2001ರ ಹೊತ್ತಿಗೆ ಶೇ. 80ಕ್ಕಿಂತ ಜಾಸ್ತಿ ತಲುಪುತ್ತಿತ್ತು.

ಪರೀಕ್ಷೆಯಲ್ಲಿ ಇದರ ಬಗ್ಗೆ ಪ್ರಶ್ನೆ ಬಂದರೆ ಇಷ್ಟಕ್ಕೇ ಪೆನ್ನು ಕೆಳಗಿಡಬೇಡಿ. ಪತ್ರಿಕೆಗಳಲ್ಲಿ ಹಾಕಿಸಿದ್ದರಿಂದಲೇ ಇದಾಯಿತು ಅನ್ನುವುದನ್ನು ಎಲ್ಲರೂ ಒಪ್ಪುವುದಿಲ್ಲ. 1997ರಲ್ಲಿ ಉಚಿತ ಪ್ರಾಥಮಿಕ ಶಿಕ್ಷಣ ಬಂತು, ನೆರವು ಕೊಡುವ ದೇಶಗಳ ಕಣ್ಣೂ ಇದರ ಮೇಲಿತ್ತು, ಹಣಕಾಸು ವ್ಯವಸ್ಥೆಯಲ್ಲೂ ಸುಧಾರಣೆ ನಡೆದಿತ್ತು. ನನಗಂತೂ ಎಲ್ಲವೂ ಸೇರಿಯೇ ಕೆಲಸ ಮಾಡಿದವು ಅನ್ನಿಸುತ್ತದೆ.

ಈ ವಿಧಾನಕ್ಕೆ ಕಾಣದ ಸೋರಿಕೆಯೂ ಇದೆ. ಪಠ್ಯಪುಸ್ತಕ, ಔಷಧಿಯಂತೆ ವಸ್ತುವಾಗಿ ಹೋದದ್ದಕ್ಕೆ ಪಡೆದ ಕಡೆ ಬೆಲೆ ಬರೆದಿರುವುದಿಲ್ಲ, ತಾಳೆ ಕಷ್ಟ. ಸಂಬಳ ಪೂರ್ತಿ ಸೇರಿಯೂ ಮೇಷ್ಟ್ರು ಬರದಿದ್ದರೆ ಯಾವ ಲೆಕ್ಕದ ಪುಸ್ತಕದಲ್ಲೂ ಅದು ಕಾಣುವುದಿಲ್ಲ. ಅದಕ್ಕೆ ಮುನ್ಸೂಚನೆ ಕೊಡದೆ ಶಾಲೆಗೆ ಹೋಗಿ ತಲೆ ಎಣಿಸಬೇಕು. 2003ರಲ್ಲಿ ಭಾರತದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹಾಗೆ ಎಣಿಸಿದಾಗ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬ ಮೇಷ್ಟ್ರು ಅವತ್ತು ಶಾಲೆಯಲ್ಲಿರಲಿಲ್ಲ.