ಬಾಂಬ್ ಬೇರೆ, ರಿಯಾಕ್ಟರ್ ಬೇರೆ, ಜಗಳ ಮಾತ್ರ ಒಂದೇ

1985ರ ಫೆಬ್ರವರಿಯಲ್ಲಿ ಅಮೆರಿಕದ ಯುಎಸ್‌ಎಸ್ ಬುಕ್ಯಾನನ್ ಎಂಬ ಯುದ್ಧನೌಕೆಗೆ ಪರಮಾಣುವಿನ ತಕರಾರಿನಿಂದ ನ್ಯೂಜಿಲೆಂಡ್ ಬಾಗಿಲು ಹಾಕಿತು. ಆಗ ಪ್ರಧಾನಿ ಡೇವಿಡ್ ಲಾಂಗಿ. ತಮಾಷೆಯೆಂದರೆ ಆ ಹಡಗಿನಲ್ಲಿ ಪರಮಾಣು ಶಕ್ತಿಯಿಂದ ಓಡಿಸುವ ರಿಯಾಕ್ಟರೇ ಇರಲಿಲ್ಲ. ಎಣ್ಣೆ ಉರಿಸಿ, ಉಗಿ ಮಾಡಿ ಓಡುವ ಹಳೇ ಕಾಲದ ಯಂತ್ರ ಅದು.

ತಕರಾರಿದ್ದದ್ದು ಅದರ ಮೇಲಿನ ಎಂಟು ಗೂಡಿನ ಲಾಂಚರ್ ಬಗ್ಗೆ. ಅಲ್ಲಿಂದ ಹಾರುವ, ಸಬ್‌ಮರೀನ್ ಹೊಡೆಯುವ ಆಸ್ರಾಕ್ ರಾಕೆಟ್‌ಗೆ ಮಾಮೂಲಿ ಟಾರ್ಪಿಡೊವನ್ನೂ ಕಟ್ಟಬಹುದು, ಪರಮಾಣು ಬಾಂಬನ್ನೂ ಕಟ್ಟಬಹುದು. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. ಕೇಳಿದರೆ ಅಮೆರಿಕ ಇದೆ ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. ನ್ಯೂಜಿಲೆಂಡಿನ ಹೆಚ್ಚಿನ ಜನಕ್ಕೆ ಅಮೆರಿಕದ ಸ್ನೇಹವೂ ಬೇಕಿತ್ತು, ಬಾಂಬ್ ಇಲ್ಲದ ಬಂದರೂ ಬೇಕಿತ್ತು. ಎರಡೂ ಸಿಗಲಿಲ್ಲ. 1986ರಲ್ಲಿ ಅಮೆರಿಕ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಜೊತೆಗಿನ ಆನ್ಜಸ್ ರಕ್ಷಣಾ ಒಪ್ಪಂದದಲ್ಲಿ ನ್ಯೂಜಿಲೆಂಡಿಗೆ ಕೊಟ್ಟಿದ್ದ ರಕ್ಷಣೆಯ ಮಾತನ್ನು ತಡೆಹಿಡಿಯಿತು.

ಮರುವರ್ಷ ಬಂದ ಕಾನೂನು ಬಾಂಬನ್ನೂ ರಿಯಾಕ್ಟರನ್ನೂ ಬೇರೆ ಬೇರೆ ಸೆಕ್ಷನ್‌ಗಳಲ್ಲಿ ಇಟ್ಟಿದೆ. ಬಾಂಬ್ ವಿಷಯದಲ್ಲಿ ಅದು ಜಾಣ ಕಾನೂನು. ಹಡಗಿನಲ್ಲಿ ಬಾಂಬ್ ಇಲ್ಲ ಎಂದು ಪ್ರಧಾನಿಗೆ ಮನವರಿಕೆಯಾದರೆ ಸಾಕು, ಅಮೆರಿಕ ಬಾಯಿ ಬಿಡಬೇಕಿಲ್ಲ. ರಿಯಾಕ್ಟರ್‌ನಿಂದ ಓಡುವ ಹಡಗಿಗೆ ಮಾತ್ರ ಖಡಾಖಂಡಿತ ನಿಷೇಧ.

ವಿಜ್ಞಾನ ನೋಡಿದರೆ ಇದು ಉಲ್ಟಾ ಅನ್ನಿಸುತ್ತದೆ, ಅಲ್ವಾ? ಬಾಂಬ್ ಸಿಡಿಯಲು ಇಂಧನ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಒತ್ತೊತ್ತಾಗಿ ಸೇರಬೇಕು. ಹಡಗಿನ ರಿಯಾಕ್ಟರ್‌ನಲ್ಲಿ ಅಂಥ ಏರ್ಪಾಡೇ ಇಲ್ಲ. ಅಲ್ಲಿ ನಿಯಂತ್ರಣ ಸರಳುಗಳು ನ್ಯೂಟ್ರಾನ್‌ಗಳನ್ನು ಹೀರಿಕೊಂಡು ಬಿಸಿಯನ್ನು ಹದದಲ್ಲಿ ಇಡುತ್ತವೆ. ಅಪಾಯವಿದ್ದರೆ ಅದು ವಿಕಿರಣ ಸೋರುವುದು. 1992ರಲ್ಲಿ ನ್ಯೂಜಿಲೆಂಡ್ ಸರ್ಕಾರವೇ ನೇಮಿಸಿದ ಸಮಿತಿ ಆ ಅಪಾಯವೂ ತೀರಾ ಕಡಿಮೆ ಎಂದಿತು. ಆದರೂ ನಿಷೇಧ ಹೋಗಲಿಲ್ಲ.

ಜನ ಸುಮ್ನೆ ಹೆದರಿದರು ಎಂದು ನಾನು ಹೇಳಲಾರೆ. ವಿದ್ಯುತ್ ಸ್ಥಾವರದ ಯುರೇನಿಯಂನಲ್ಲಿ ಸಾಮಾನ್ಯವಾಗಿ ಶೇ 3ರಿಂದ 5ರಷ್ಟು ಯುರೇನಿಯಂ-235 (ಸುಲಭವಾಗಿ ಸೀಳಿ ಶಕ್ತಿ ಕೊಡುವ ಬಗೆ) ಇದ್ದರೆ, ಅಮೆರಿಕದ ಸಬ್‌ಮರೀನ್‌ನಲ್ಲಿ ಅದು ಶೇ 90ಕ್ಕೂ ಜಾಸ್ತಿ. ಅಂದರೆ ಬಾಂಬ್ ದರ್ಜೆಯ ಸರಕು. ಅಲ್ಲದೆ ಸಮಿತಿ ಉತ್ತರಿಸಿದ್ದು ಸುರಕ್ಷತೆಯ ಪ್ರಶ್ನೆಯನ್ನು. ಜನರ ಜಗಳ ಇದ್ದದ್ದು ನಮ್ಮ ಬಂದರಿಗೆ ಏನು ಬರಬೇಕೆಂದು ಹೇಳುವವರು ಯಾರು ಎಂಬುದರ ಮೇಲೆ. ಅದನ್ನು ವಿಕಿರಣ ಅಳೆಯುವ ಮೀಟರ್ ಬಗೆಹರಿಸುವುದಿಲ್ಲ.

2016ರಲ್ಲಿ ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಸ್ಯಾಂಪ್ಸನ್ ನ್ಯೂಜಿಲೆಂಡಿಗೆ ಬಂತು. ಗ್ಯಾಸ್ ಟರ್ಬೈನ್ ಹಡಗು, ಪ್ರಧಾನಿ ಒಪ್ಪಿಗೆ ಕೊಟ್ಟರು. 2021ರಲ್ಲಿ ಆಸ್ಟ್ರೇಲಿಯ, ಬ್ರಿಟನ್, ಅಮೆರಿಕ ಸೇರಿದ ಆಕಸ್ ಕೂಟ ಆಸ್ಟ್ರೇಲಿಯಕ್ಕೆ ರಿಯಾಕ್ಟರ್ ಸಬ್‌ಮರೀನ್ ಕೊಡುವುದಾಗಿ ಸಾರಿತು. ಅವುಗಳಲ್ಲಿ ಪರಮಾಣು ಬಾಂಬ್ ಇರುವುದಿಲ್ಲ ಎಂದು ಆಸ್ಟ್ರೇಲಿಯ ಹೇಳಿದರೂ, ನಮ್ಮ ನೀರಿಗೆ ಅವು ಬರುವಂತಿಲ್ಲ ಎಂದು ನ್ಯೂಜಿಲೆಂಡಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಕೂಡಲೇ ತಿಳಿಸಿದರು.